ಹದಿನಾಲ್ಕು ಚಂದ್ರಿಕೆ

ನನಗೆ ಗಾಡಿ ಓಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತಿಗಿರಿಯಲ್ಲಿ ರೂಮು ಮಾಡಿಕೊಂಡು ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ಶಿಫ್ಟು ದುಡಿದವನು ನಾನು. ಸೂಪರ್‌ವೈಸರ್ ಜೊತೆ ಜಗಳವಾಡಿ ಬಿಟ್ಟು ಬಂದು, ಸೆಕೆಂಡ್‌ಹ್ಯಾಂಡ್ ಪಿಕಪ್ ತೆಗೆದುಕೊಂಡು ಏಳು ವರ್ಷವಾಯಿತು. ಭೈರೇಶನ ಗಾಡಿ ಅಂದರೆ ಗುಮ್ಮಳಾಪುರದಿಂದ ಸೂಳಗಿರಿಯವರೆಗೂ ಗೊತ್ತು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಆವತ್ತು ಕೆರೆ ಅಂಗಳದಲ್ಲಿ ಗಾಡಿ ಹೂತುಕೊಂಡಿದ್ದು ಗಾಡಿಯ ತಪ್ಪಲ್ಲ, ಮಳೆಯ ತಪ್ಪೂ ಅಲ್ಲ. ಬಹಳ ದಿನ ಎರಡನ್ನೂ ಬೈದುಕೊಂಡು ಓಡಾಡಿದೆ. ಈಗ ಬೈದು ಬೈದು ನನಗೇ ಸಾಕಾಗಿದೆ.

ನಮ್ಮೂರಲ್ಲಿ ರೇಷ್ಮೆಹುಳ ಸಾಕುವವರು ಈಗ ಮೂರೇ ಮನೆ. ನಾನು, ಹಳ್ಳದಾಚೆಯ ಪಾಪಣ್ಣ, ಕೆರೆಯ ಆ ದಡದ ಮಂಗಕ್ಕ. ಮೂವರಿಗೂ ಸೇರಿ ಇರುವುದು ನಲವತ್ತೆರಡು ಚಂದ್ರಿಕೆ. ಹುಳದ ಮನೆ ನೋಡದವರಿಗೆ ಹೇಳುತ್ತೇನೆ: ಚಂದ್ರಿಕೆ ಅಂದರೆ ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿ ಆಡಿಸತೊಡಗಿದರೆ ಹಣ್ಣಾಯಿತು ಎನ್ನುತ್ತೇವೆ. ಹಣ್ಣಾದ ಹುಳವನ್ನು ಒಂದೊಂದಾಗಿ ಆಯ್ದು ಆ ಸುರುಳಿಯ ಸಂದಿಗೆ ಬಿಟ್ಟರೆ ಅಲ್ಲಿ ಕೂತು ಗೂಡು ಕಟ್ಟುತ್ತದೆ. ಹಣ್ಣಾದದ್ದು ಯಾರಿಗೂ ಕಾಯುವುದಿಲ್ಲ. ಜಾಗ ಸಿಗದಿದ್ದರೆ ಗೋಡೆಗೆ, ನೆಲಕ್ಕೆ, ಒಂದರ ಮೈಮೇಲೆ ಇನ್ನೊಂದು, ಸಿಕ್ಕಿದ ಕಡೆ ನೂಲು ಸುರಿದು ಮುಗಿಸಿಬಿಡುತ್ತದೆ. ಇಪ್ಪತ್ತೈದು ದಿನ ನಿದ್ದೆಗೆಟ್ಟು ಮಾಡಿದ ಚಾಕರಿ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ.

ಅದಕ್ಕೇ ನಾವು ಮೂವರೂ ಒಂಬತ್ತೊಂಬತ್ತು ದಿನ ಹಿಂದೆಮುಂದೆ ಹುಳ ತರುತ್ತಿದ್ದೆವು. ಒಬ್ಬರ ಗೂಡು ಬಿಡಿಸಿದ ಮೇಲೆ ಚಂದ್ರಿಕೆಗೆ ಅಂಟಿದ ಎಳೆಯನ್ನು ಸುಟ್ಟು, ಬಿಸಿಲಿಗೆ ಒಣಗಿಸಿ ಮುಂದಿನ ಮನೆಗೆ ಕಳಿಸಬೇಕು. ಪಾಪಣ್ಣನಿಂದ ನನಗೆ, ನನ್ನಿಂದ ಮಂಗಕ್ಕನಿಗೆ, ಮಂಗಕ್ಕನಿಂದ ಮತ್ತೆ ಪಾಪಣ್ಣನಿಗೆ. ಬರೆದಿಟ್ಟದ್ದಿಲ್ಲ, ಎಣಿಸಿ ಕೊಟ್ಟದ್ದಿಲ್ಲ. ಹೆಣೆಯುತ್ತಿದ್ದ ಮುತ್ತರಾಯಪ್ಪ ತೀರಿಕೊಂಡ ಮೇಲೆ ಹೊಸದು ಮಾಡಿಕೊಡುವವರೂ ಇಲ್ಲ.

ಮಂಗಕ್ಕನಿಗೆ ಹಿಂದಿನ ಎರಡು ಬೆಳೆ ಹೋಗಿತ್ತು. ಒಂದಕ್ಕೆ ಸುಣ್ಣಕಟ್ಟು ರೋಗ, ಇನ್ನೊಂದಕ್ಕೆ ಸಪ್ಪೆ ರೋಗ. ಈ ಸಲ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಕಿರುಬೆರಳು ಗಾತ್ರ ಬೆಳೆದಿದ್ದವು. ನನ್ನನ್ನು ಕರೆದು ಬಾಗಿಲಲ್ಲೇ ನಿಲ್ಲಿಸಿ ತೋರಿಸಿದ್ದಳು.

"ಇದೊಂದು ಬೆಳೆ ಕೈಗತ್ತಲಿಲ್ಲ ಅಂದ್ರೆ ಇಪ್ಪನೇರ್ಲೆ ತ್ವಾಟ ಕೀಳ್ಸಾಕಿ ಕಂಪನಿ ವ್ಯಾನು ಹತ್ತದೇಯ. ಐವತ್ತೆರಡು ವರ್ಸಕ್ಕೆ ತಲೆಗೆ ಟೋಪಿ ಹಾಕ್ಕಂಡು ಪ್ಯಾಕಿಂಗ್ ಮಾಡ್ತೀನಿ, ನೋಡೀಯಂತೆ" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ಮಂಗಕ್ಕ ಟೋಪಿ ಹಾಕಿಕೊಳ್ಳುವುದನ್ನು ನೆನೆಸಿಕೊಂಡರೇ ನಗು ಬರುತ್ತಿತ್ತು.

ನನ್ನ ಗೂಡು ಸೋಮವಾರವೇ ಮಾರ್ಕೆಟ್ಟಿಗೆ ಹೋಗಿತ್ತು. ಮಂಗಳವಾರ ಚಂದ್ರಿಕೆ ಅವಳ ಮನೆ ಸೇರಬೇಕಿತ್ತು. ಮಂಗಳವಾರ ಟೊಮೆಟೊ ಲೋಡು ಬಂತು, ಬುಧವಾರ ಇನ್ನೊಂದು. ನಾಳೆ ಕೊಟ್ಟರಾಯಿತು ಎಂದೆ. ಬುಧವಾರ ರಾತ್ರಿ ಮಳೆ ಸುರಿಯಿತು. ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಫೋನು.

"ಲೋ ಭೈರ, ಹುಳ ತಲೆ ಎತ್ತವೆ ಕಣ್ಲಾ. ಸೊಪ್ಪು ಮುಟ್ತಾ ಇಲ್ಲ. ಎಲ್ಲಲಾ ಚಂದ್ರಂಕಿ?"

"ತತ್ತೀನಿ ಕಣಕ್ಕ, ಅರ್ಧ ಗಂಟೆ."

"ಗಾಡಿ ಕೆರೆ ಅಂಗಳಕ್ಕೆ ಇಳಿಸ್ಬ್ಯಾಡ, ಜಾರ್ತೈತೆ. ಬೇವಿನ ಮರದತ್ರ ರೋಡಲ್ಲೇ ನಿಲ್ಸು. ನಾನೂ ಪಾಪಣ್ಣನೂ ತಲೆ ಮ್ಯಾಲೆ ಹೊತ್ಕಂಡು ಬತ್ತೀವಿ."

ಸರಿ ಎಂದೆ. ಫೋನಿಟ್ಟ ಮೇಲೆ ಸಿಟ್ಟು ಬಂತು. ನನಗೇ ದಾರಿ ಹೇಳುತ್ತಾಳಲ್ಲ! ಹನ್ನೊಂದು ಗಂಟೆಗೆ ಸೂಳಗಿರಿಯಲ್ಲಿ ಕೋಸಿನ ಲೋಡು ಇತ್ತು. ಬ್ರೋಕರ್ ಸುಬ್ರಮಣಿ ಆಗಲೇ ಎರಡು ಸಲ ಫೋನು ಮಾಡಿ "ಎಪ್ಪೊ ವರೀಂಗ ಅಣ್ಣಾ, ಸೀಕ್ರಂ" ಎಂದು ತಮಿಳಿನಲ್ಲಿ ಅವಸರಪಡಿಸಿದ್ದ. ತಲೆಯ ಮೇಲೆ ಹೊರುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ಅಂಗಳಕ್ಕೆ ಇಳಿಸಿದರೆ ಐದು ನಿಮಿಷದ ದಾರಿ. ಬೇವಿನ ಮರದ ಹತ್ತಿರ ಬಂದಾಗ ಇನ್ನೂ ಯಾರೂ ಬಂದಿರಲಿಲ್ಲ. ನಿಲ್ಲಿಸಲಿಲ್ಲ. ಸ್ಟೀರಿಂಗ್ ತಿರುಗಿಸಿ ಇಳಿಸಿಯೇ ಬಿಟ್ಟೆ.

ನನ್ನದು ಹಿಂದಿನ ಎರಡು ಚಕ್ರ ಮಾತ್ರ ತಳ್ಳುವ ಗಾಡಿ. ಹಿಂದೆ ಭಾರವಿದ್ದರೆ ಚಕ್ರಕ್ಕೆ ಹಿಡಿತ. ನಲವತ್ತೆರಡು ಚಂದ್ರಿಕೆ ನೋಡುವುದಕ್ಕೆ ಮನೆಯೆತ್ತರ ಕಂಡರೂ ತೂಕವೆಷ್ಟು, ಬಿದಿರು ತಾನೇ. ಇದೆಲ್ಲ ಗೊತ್ತಿದ್ದವನೇ ನಾನು. ಅರ್ಧ ದಾರಿಯಲ್ಲಿ ಜೇಡಿಮಣ್ಣಿನ ತಗ್ಗು ಇದೆ. ಮುಂದಿನ ಚಕ್ರ ದಾಟಿತು, ಹಿಂದಿನದು ಜಾರಿತು. ಜಾರಿದಾಗ ಕಾಲು ತೆಗೆಯಬೇಕು. ನಾನು ಆಕ್ಸಿಲರೇಟರ್ ಒತ್ತಿದೆ. ಚಕ್ರ ಗಿರ್ರನೆ ಸುತ್ತಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಕೆಸರು ಹಾರಿ ಕನ್ನಡಿಗೆಲ್ಲ ಬಡಿಯಿತು.

ಇಳಿದು ಕಲ್ಲು ಹಾಕಿದೆ, ಕಲ್ಲು ಮುಳುಗಿತು. ಕಾಲಡಿಯ ರಬ್ಬರ್ ಮ್ಯಾಟ್ ಹಾಕಿದೆ, ಅದನ್ನು ಚಕ್ರ ಹಿಂದಕ್ಕೆ ಉಗಿಯಿತು. ಗಾಡಿಯನ್ನು ಬೈದೆ, ಮಳೆಯನ್ನು ಬೈದೆ, ಇಲ್ಲೇ ಮನೆ ಕಟ್ಟಿಕೊಂಡ ಮಂಗಕ್ಕನನ್ನೂ ಬೈದೆ. ಸುತ್ತ ಒಂದು ಮೋಟು ಗಿಡವೂ ಇರಲಿಲ್ಲ. ಆಗ ಕಣ್ಣು ಚಂದ್ರಿಕೆಯ ಮೇಲೆ ಬಿತ್ತು.

ಒಂದಕ್ಕೆ ಅಂಚು ಮುರಿದಿತ್ತು. ಹೇಗೂ ಹಳೆಯದು ಎಂದುಕೊಂಡೆ. ಎಡಗಡೆಯ ಚಕ್ರದ ಮುಂದೆ ಹಾಸಿದೆ, ಜೊತೆಗೆ ಬಲಗಡೆಗೂ ಒಂದಿರಲಿ ಎಂದು ಇನ್ನೊಂದು. ಗಾಡಿ ಒಂದು ಅಡಿ ಮುಂದಕ್ಕೆ ಬಂತು. ಆ ಒಂದು ಅಡಿಯೇ ನನ್ನನ್ನು ಕೆಡಿಸಿದ್ದು. ಬರದೇ ಇದ್ದಿದ್ದರೆ ಬಿಟ್ಟು ಪಾಪಣ್ಣನನ್ನು ಕೂಗುತ್ತಿದ್ದೆ. ಬಂತಲ್ಲ, ಇನ್ನೆರಡು ಹಾಸಿದರೆ ದಾಟುತ್ತದೆ ಎನಿಸಿತು. ಇನ್ನೆರಡು ಹಾಕಿದೆ. ಮತ್ತೆರಡು. ಬಿದಿರು ಪಟಪಟನೆ ಮುರಿಯುವ ಸದ್ದು ಸೀಟಿನ ಕೆಳಗೇ ಕೇಳುತ್ತಿತ್ತು. ಹಳೆಯವು ಮುಗಿದು ಗಟ್ಟಿಮುಟ್ಟಾದವಕ್ಕೂ ಕೈ ಹಾಕಿದೆ. ಹದಿನಾಲ್ಕನೆಯದು ಮುರಿಯುವಾಗ ಗಾಡಿ ಅಡ್ಡಕ್ಕೆ ಜಾರಿ ಬದುವಿಗೆ ಒರಗಿ, ಮೊದಲಿಗಿಂತ ಆಳಕ್ಕೆ ಕೂತಿತು.

ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀಯಲಾ? ಹುಳ ಗ್ವಾಡೆ ಹತ್ತತಾ ಅವೆ! ನಲವತ್ತೆರಡೂ ತತ್ತಾ ಇದೀಯ ತಾನೇ?"

ಆಗ ಹೇಳಬಹುದಿತ್ತು. ಅಕ್ಕಾ, ತಪ್ಪಾಯಿತು, ಹಾಳು ಮಾಡಿಬಿಟ್ಟೆ ಎಂದಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು, ಅಷ್ಟೇ. ನನ್ನ ಬಾಯಿಂದ ಬಂದದ್ದೇ ಬೇರೆ.

"ಇಪ್ಪತ್ತೆಂಟೇ ಕಣಕ್ಕ ಇರೋದು. ಪಾಪಣ್ಣ ನಂಗೆ ಕೊಟ್ಟಿದ್ದೇ ಅಷ್ಟು. ಮಿಕ್ಕಿದ್ದು ಗೆದ್ದಲು ತಿಂದೋ ಏನೋ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮಾತು ಮೊದಲೇ ಹೊಸೆದು ಇಟ್ಟುಕೊಂಡಂತೆ ಅಷ್ಟು ಸಲೀಸಾಗಿ ಬಂದಿತ್ತು. ಪಾಪಣ್ಣನ ಕೊಟ್ಟಿಗೆಯಲ್ಲಿ ಗೆದ್ದಲಿದ್ದದ್ದು ನಿಜ, ಅದಕ್ಕೇ ನಂಬುವಂತೆಯೂ ಇತ್ತು. ಅತ್ತ ಕಡೆ ಮಂಗಕ್ಕ ಫೋನಿಟ್ಟಳು.

ಹತ್ತು ನಿಮಿಷಕ್ಕೆ ಪಾಪಣ್ಣನೇ ಬಂದ. ಬೇವಿನ ಮರದ ಹತ್ತಿರ ಕಾದು, ನನ್ನ ಚಕ್ರದ ಗುರುತು ಕೆರೆಗೆ ಇಳಿದಿರುವುದನ್ನು ಕಂಡು ಗುದ್ದಲಿ, ಕುಡುಗೋಲು ಹಿಡಿದುಕೊಂಡೇ ಬಂದಿದ್ದ. ಎಪ್ಪತ್ತರ ಮುದುಕ, ಬರಿಗಾಲು. ಅವನ ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ.

"ತುಳ್ದು ತುಳ್ದು ಹೂತಿದ್ದೀಯ. ಚಂದ್ರಂಕಿ ಎಲ್ಲಾ ಇಳಿಸಿ ಬದಿನ ಮ್ಯಾಲಿಡು. ಚಕ್ರದ ಗಾಳಿ ಅರ್ಧಕ್ಕೆ ಬುಡು."

"ಗಾಳಿ ಬಿಟ್ರೆ ಇನ್ನೂ ಕೂತ್ಕಣಲ್ವಾ?"

"ನಿಂಗೆ ಗೊತ್ತಿದ್ದಿದ್ರೆ ಇಷ್ಟೊತ್ಗೆ ಆಚೆ ಇರ್ತಿದ್ದೆ. ಹೇಳಿದ್ದು ಮಾಡು."

ಮಾಡಿದೆ. ಗಾಳಿ ಇಳಿದ ಟೈರು ಅಗಲವಾಗಿ ನೆಲಕ್ಕೆ ಒತ್ತಿಕೊಂಡಿತು. ಬದುವಿನ ಕಲ್ಲುಗಳನ್ನು ಕಿತ್ತು ಗಾಡಿಯ ಹಿಂಭಾಗಕ್ಕೆ ಹೇರಿಸಿದ, ಭಾರ ಬೀಳಲಿ ಎಂದು. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕೆಂದು ಚಕ್ರದ ಹಿಂದೆ ಇಳಿಜಾರಾಗಿ ಅಗೆಯತೊಡಗಿದ. ನಿಂತ ನೀರು ಹೋಗಲು ಕಾಲುವೆ ಎಳೆದ. ಮೂರನೆಯದೋ ನಾಲ್ಕನೆಯದೋ ಏಟಿಗೆ ಗುದ್ದಲಿಗೆ ಬಿದಿರು ಸಿಕ್ಕಿಕೊಂಡಿತು. ಎಳೆದ. ಕೆಸರು ಮೆತ್ತಿದ ಸುರುಳಿ ಪಟ್ಟಿ ಉದ್ದಕ್ಕೆ ಬಂತು. ಇನ್ನೊಂದು ಬಂತು. ಅವನು ಬಗ್ಗಿ ಕೈಯಿಂದ ಕೆಸರು ಒರೆಸಿ ನೋಡಿದ.

ನಾನು ಟೈರಿನ ಕಡೆ ನೋಡುತ್ತಿದ್ದೆ.

"ಇದಕ್ಕಿಂತ ಮೊದ್ಲು ಒಂದು ಕೂಗು ಹಾಕ್ಬಾರ್ದಾಗಿತ್ತಾ?" ಎಂದ. ಅಷ್ಟೇ. ಬಿದಿರಿನ ಚೂರುಗಳನ್ನೆಲ್ಲ ಆಯ್ದು ಬದುವಿನಾಚೆ ಒಟ್ಟಿದ. ದಡಕ್ಕೆ ಹತ್ತಿ ಲಂಟಾನ ಸೊಪ್ಪು ಕುಯ್ದು ತಂದು ಹಾಸಿದ. ನನ್ನನ್ನು ಸ್ಟೀರಿಂಗಿಗೆ ಕಳಿಸಿದ.

"ಕಾಲು ಒತ್ಬ್ಯಾಡ. ಎಂಜಿನ್ನು ತಾನೇ ಎಳೀಲಿ. ಮೆಲ್ಲಗೆ ರಾ, ಮೆಲ್ಲಗೆ."

ಗಾಡಿ ಒಂದು ಸಲ ನಡುಗಿ, ಸೊಪ್ಪಿನ ಮೇಲೆ ಹತ್ತಿ, ಮೆಲ್ಲಗೆ ಹಿಂದಕ್ಕೆ ಬಂತು. ಒಂದೂವರೆ ಗಂಟೆ ನಾನು ಬಡಿದಾಡಿದ್ದನ್ನು ಮುದುಕ ಅರ್ಧ ಗಂಟೆಯಲ್ಲಿ ಮುಗಿಸಿದ್ದ. ರಸ್ತೆಗೆ ಹತ್ತಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಬದುವಿನ ಮೇಲಿದ್ದ ಇಪ್ಪತ್ತೆಂಟನ್ನು ಇಬ್ಬರೂ ಎರಡೆರಡಾಗಿ ತಲೆಯ ಮೇಲೆ ಹೊರತೊಡಗಿದೆವು. ದಾರಿಯುದ್ದಕ್ಕೂ ಹೇಳಬೇಕು ಅನಿಸುತ್ತಿತ್ತು, ಪಾಪಣ್ಣಾ, ನಾನು ಫೋನಲ್ಲಿ ನಿನ್ನ ಮೇಲೆ ಹೇಳಿದ್ದೇನೆ ಎಂದು. ಅವನು ಮುಂದೆ ನಡೆಯುತ್ತಿದ್ದ, ಮುಖ ಕಾಣುತ್ತಿರಲಿಲ್ಲ. ಹೇಳಲಿಲ್ಲ.

ಹುಳದ ಮನೆಯ ಬಾಗಿಲಲ್ಲೇ ಮಂಗಕ್ಕ ನಿಂತಿದ್ದಳು. ಎರಡೂ ಅಂಗೈ ತುಂಬ ಹಣ್ಣು ಹುಳ, ಸೆರಗಿನ ಮೇಲೆ ಆಗಲೇ ಎರಡು ನೂಲು ಎಳೆಯುತ್ತಿದ್ದವು. ಪಾಪಣ್ಣನನ್ನು ಕಂಡದ್ದೇ ಶುರುವಾಯಿತು.

"ಹದಿನಾಲ್ಕು ಗೆದ್ದಲಿಗೆ ಹಾಕಿ ಬಾಯ್ಮುಚ್ಕಂಡಿದ್ದೀಯಲ್ಲ, ನಿಂಗೆ ಮನುಸತ್ವ ಐತೇನಯ್ಯಾ? ಒಂದು ಮಾತು ಹೇಳಿದ್ರೆ ನಾನು ಬ್ಯಾರೆ ಏನಾದ್ರೂ ನೋಡ್ಕತಿರಲಿಲ್ವಾ? ನನ್ ಮನೆ ಹಾಳು ಮಾಡ್ಬುಟ್ಯಲ್ಲೋ!"

ಪಾಪಣ್ಣ ತಲೆಯ ಮೇಲಿನದನ್ನು ಇಳಿಸಿದ. ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಈಗ ಹೇಳುತ್ತಾನೆ, ಹೇಳಿಬಿಡಲಿ, ನನ್ನ ಪಾಡಿಗೆ ನಾನು ಒದೆ ತಿಂದು ಹಗುರಾಗುತ್ತೇನೆ ಎಂದು ಕಾದೆ. ಅವನು ಅಂದದ್ದು ಇಷ್ಟು:

"ಮೊದ್ಲು ಹುಳ ಆಯಾನ ನಡಿಯಮ್ಮ."

ಸುಬ್ರಮಣಿಯ ಫೋನು ಬರುತ್ತಲೇ ಇತ್ತು, ಆಫ್ ಮಾಡಿ ಕೂತು ಹುಳ ಆಯ್ದೆ. ಇದಾದರೂ ಮಾಡಿದೆನೆಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಪ್ಪತ್ತೆಂಟೂ ತುಂಬಿದವು, ಒತ್ತೊತ್ತಾಗಿ ಬಿಟ್ಟರೂ ಮೂರನೇ ಒಂದು ಪಾಲು ಹುಳ ಹಾಗೇ ಉಳಿಯಿತು. ಪಾಪಣ್ಣ ಗುಡ್ಡಕ್ಕೆ ಹೋಗಿ ಕುರುಚಲು ಗಿಡದ ಒಣಕಡ್ಡಿ ಹೊರೆ ಕಟ್ಟಿಕೊಂಡು ಬಂದ. ಹಿಂದಿನವರು ಚಂದ್ರಿಕೆ ಇಲ್ಲದ ಕಾಲಕ್ಕೆ ಹೀಗೇ ಮಾಡುತ್ತಿದ್ದರಂತೆ. ಕಡ್ಡಿ ಹರಡಿ ಹುಳ ಬಿಟ್ಟೆವು. ಅದು ಸಾಲದೆ ಮತ್ತೆ ಹೋದ, ಮೂರು ಸಲ ಗುಡ್ಡ ಹತ್ತಿಳಿದ. ಅವನು ಒಳಗೆ ಬಂದಾಗಲೆಲ್ಲ ಮಂಗಕ್ಕ ಬೈದಳು. ಅವನು ಆಚೆ ಹೋದಾಗ ನನ್ನ ಕಡೆ ತಿರುಗಿ ಅವನನ್ನೇ ಬೈದಳು. "ನೀನಾದ್ರೂ ಇದ್ಯಲ್ಲ ಬುಡು" ಎಂದು ಮಧ್ಯೆ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಕುಡಿದೆ. ಹೌದು, ಕುಡಿದೆ.

ಆರನೇ ದಿನ ಗೂಡು ಬಿಡಿಸಿದಳು. ಚಂದ್ರಿಕೆಯಲ್ಲಿ ಒತ್ತಾಗಿದ್ದವು ಎರಡೆರಡು ಹುಳ ಸೇರಿ ಒಂದೇ ಗೂಡು ಕಟ್ಟಿದ್ದವು. ಕಡ್ಡಿಯಲ್ಲಿದ್ದವು ಮೆತ್ತಗೆ, ಕಲೆ ಕಲೆ. ಅರ್ಧಕ್ಕರ್ಧ ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟಿ ನೋಡಲಿಲ್ಲವಂತೆ. ಎಂಟನೇ ದಿನ ನನಗೆ ಹೇಳಿ ಕಳಿಸಿದಳು. ಚಂದ್ರಿಕೆಗಳ ಎಳೆ ಸುಟ್ಟು, ಒಣಗಿಸಿ ರಸ್ತೆಗೆ ಹೊತ್ತು ತಂದು, ಬೇವಿನ ಮರಕ್ಕೆ ಒರಗಿಸಿಟ್ಟುಕೊಂಡು ಕೂತಿದ್ದಳು.

"ನನ್ನ ಹುಳದ ಸಾವಾಸ ಮುಗೀತಪ್ಪ. ಸೋಮಾರದಿಂದ ವ್ಯಾನು. ಇವನ್ನ ನೀನೇ ಇಟ್ಕ, ನಿನ್ ಕೈಯಾಗಿದ್ರೆ ಭದ್ರ. ಆ ಮುದುಕನ್ಗೆ ಮಾತ್ರ ಒಂದೂ ಕೊಡ್ಬ್ಯಾಡ."

ನಿನ್ನ ಕೈಯಲ್ಲಿದ್ದರೆ ಭದ್ರ! ನನ್ನ ಕೈ ನಾನೇ ನೋಡಿಕೊಂಡೆ. ಆಗಲೂ ಬಾಯಿ ಬರಲಿಲ್ಲ ಅಂದರೆ ನಾನೆಂಥ ನಾಯಿ ಇರಬೇಕು, ನೀವೇ ಹೇಳಿ. ಹೇರಿಕೊಂಡು ಹೊರಟೆ. ಹೊರಟವನು ನನ್ನ ಮನೆಗೆ ಹೋಗಲಿಲ್ಲ, ಸೀದಾ ಪಾಪಣ್ಣನ ಮನೆಯ ಮುಂದೆ ನಿಲ್ಲಿಸಿದೆ. ಅವನ ಹುಳ ಮಾರನೇ ದಿನ ಹಣ್ಣಾಗುವುದರಲ್ಲಿದ್ದವು. ಗುಟ್ಟಾಗಿ ಇಳಿಸಿಬಿಟ್ಟರೆ ಅವನ ಬೆಳೆ ಉಳಿಯುತ್ತದೆ, ಲೆಕ್ಕ ಸರಿಹೋಗುತ್ತದೆ, ಬಾಯಿ ಬಿಡುವ ಕಷ್ಟವೂ ತಪ್ಪುತ್ತದೆ. ನನ್ನ ಬುದ್ಧಿ ಅಷ್ಟೇ.

ನಾನು ಹಗ್ಗ ಬಿಚ್ಚಲು ಹೋದರೆ ಪಾಪಣ್ಣ ಬಂದು ಹಗ್ಗದ ಮೇಲೆ ಕೈಯಿಟ್ಟ.

"ಆವಮ್ಮ ನನಗೆ ಕೊಡು ಅಂದ್ಳಾ?"

"ಇಲ್ಲ. ಆದ್ರೂ ತಗೋ. ನಾಳೆ ನಿನ್ ಹುಳ..."

"ಆವತ್ತು ನಾನೇ ಹೇಳ್ಬೋದಿತ್ತು. ನೀನು ಹೇಳ್ತೀಯ ಅಂತ ಬುಟ್ಟೆ. ಸಂಜೆ ಹೇಳ್ತೀಯ, ನಾಳೆ ಹೇಳ್ತೀಯ ಅಂತ ಎಂಟು ದಿನ ಕಾದೆ. ನೀನು ಹುಟ್ಟಿದಾಗಿಂದ ನೋಡಿರವನು ಕಣ್ಲಾ ನಾನು." ಅವನು ಹಗ್ಗದ ಗಂಟನ್ನು ಇನ್ನೂ ಬಿಗಿ ಮಾಡಿದ. "ನನ್ ಹುಳ ಗ್ವಾಡೆ ಮ್ಯಾಲೆ ಕಟ್ಕಂಡ್ರೂ ಕಟ್ಕಳ್ಲಿ. ನೀನು ಹೋಗಿ ಹೇಳೋಗಂಟ ಇವು ಇಲ್ಲಿ ಇಳಿಯಲ್ಲ."

ಗಾಡಿ ತಿರುಗಿಸಿದೆ. ಬೇವಿನ ಮರದ ಹತ್ತಿರ ನಿಲ್ಲಿಸಿ, ಕೆರೆ ಅಂಗಳವನ್ನು ನಡೆದುಕೊಂಡೇ ದಾಟಿದೆ. ಮಣ್ಣು ಒಣಗಿತ್ತು, ನನ್ನ ಚಕ್ರದ ಹಳ್ಳ ಹಾಗೇ ಗಟ್ಟಿಯಾಗಿ ನಿಂತಿತ್ತು. ಬದುವಿನಾಚೆ ಪಾಪಣ್ಣ ಒಟ್ಟಿದ್ದ ಬಿದಿರಿನ ಚೂರುಗಳಲ್ಲಿ ಒಂದು ಹಿಡಿ ಎತ್ತಿಕೊಂಡೆ.

ಮಂಗಕ್ಕ ಖಾಲಿ ಹುಳದ ಮನೆಯನ್ನು ಗುಡಿಸುತ್ತಿದ್ದಳು. ಚೂರುಗಳನ್ನು ಅವಳ ಮುಂದೆ ಹಾಕಿದೆ. "ಗೆದ್ದಲಲ್ಲ ಅಕ್ಕ. ನಾನು. ಹದಿನಾಲ್ಕೂ ನಾನೇ, ಗಾಡಿ ಚಕ್ರಕ್ಕೆ ಹಾಕ್ಬುಟ್ಟೆ" ಎಂದೆ. ಅವಳು ಚೂರು ನೋಡಿದಳು, ನನ್ನನ್ನು ನೋಡಿದಳು. ಪೊರಕೆಯಿಂದ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆವತ್ತು ಮಧ್ಯಾನ ಎಲ್ಲಾ ಆ ಮುದುಕನ್ನ ಬೈದ್ನಲ್ಲೋ" ಎಂದಳು ಮೆಲ್ಲಗೆ. "ನೀನು ನನ್ ಪಕ್ಕದಾಗೇ ಕೂತಿದ್ಯಲ್ಲೋ. ನನ್ ಕೈಯಾಗ ಮಜ್ಜಿಗೆ ಇಸ್ಕಂಡು ಕುಡಿದ್ಯಲ್ಲೋ."

ಬೆಳೆಯ ಮಾತನ್ನೇ ಅವಳು ಎತ್ತಲಿಲ್ಲ. ಪೊರಕೆ ಇಟ್ಟು ಹೊರಟಳು. ನಾನು ಹಿಂದೆ ಹಿಂದೆ ನಡೆದೆ. ಗಾಡಿಯ ಹತ್ತಿರ ಬಂದು ಹಗ್ಗ ಬಿಚ್ಚಿದಳು. ನಾನು ಕೈ ಹಾಕಿದೆ.

"ನೀನು ಮುಟ್ಬ್ಯಾಡ."

ಎರಡು ಚಂದ್ರಿಕೆ ತಲೆಯ ಮೇಲಿಟ್ಟುಕೊಂಡು ಹಳ್ಳದ ಕಡೆ ಹೊರಟಳು. ವಾಪಸ್ಸು ಬಂದು ಇನ್ನೆರಡು ತೆಗೆದುಕೊಂಡಳು. ನಾಲ್ಕನೇ ಸಲಕ್ಕೆ ಪಾಪಣ್ಣನೂ ಜೊತೆಗೆ ಬಂದ. ಅವಳು ಕಣ್ಣು ಒರೆಸಿಕೊಳ್ಳುತ್ತ ಅವನಿಗೆ ಏನೋ ಹೇಳುತ್ತಿದ್ದಳು, ಅವನು ಬಿಡಮ್ಮ ಬಿಡು ಎನ್ನುವಂತೆ ಕೈಯಾಡಿಸುತ್ತಿದ್ದ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಗಾಡಿ ಪೂರ್ತಿ ಖಾಲಿಯಾಗುವವರೆಗೂ ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದೆ.

ಪಾಪಣ್ಣನ ಹುಳಕ್ಕೆ ಇಪ್ಪತ್ತೆಂಟು ಸಾಕಾಯಿತಂತೆ, ಅವನು ಆ ಸಲ ಕಮ್ಮಿ ತಂದಿದ್ದ. ನನಗೆ ಯಾರೂ ಹೇಳಲಿಲ್ಲ, ಅಂಗಡಿಯ ಹತ್ತಿರ ಕೇಳಿದ್ದು.

ಸೋಮವಾರ ಬೆಳಿಗ್ಗೆ ಆರಕ್ಕೆ ಲೋಡಿಗೆ ಹೊರಟಿದ್ದೆ. ರಾತ್ರಿ ಮತ್ತೆ ಮಳೆಯಾಗಿತ್ತು. ಬೇವಿನ ಮರ ದಾಟಿ ಸ್ವಲ್ಪ ದೂರ ಹೋದರೆ ಎದುರಿಗೆ ಕಂಪನಿ ವ್ಯಾನು ಬಂತು. ಅಲ್ಲಿ ರಸ್ತೆ ಒಂದೇ ಗಾಡಿಯ ಅಗಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಮಂಗಕ್ಕ ಕೂತಿದ್ದಳು. ನೀಲಿ ಟೋಪಿಯನ್ನು ಇನ್ನೂ ತಲೆಗೆ ಹಾಕಿರಲಿಲ್ಲ, ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ನನಗೆ ನಗು ಬರಲಿಲ್ಲ. ಅವಳ ಕಣ್ಣಿಗೆ ಬೀಳದೆ ಬೇಗ ದಾರಿ ಬಿಟ್ಟುಬಿಡೋಣವೆಂದು ಸ್ಟೀರಿಂಗನ್ನು ಪಕ್ಕದ ಮಣ್ಣಿನ ಕಡೆ ತಿರುಗಿಸಿದೆ.

ವ್ಯಾನಿನ ಕಿಟಕಿಯ ಗಾಜು ಸರಿಯಿತು.

"ಇಳಿಸ್ಬ್ಯಾಡ ಕಣ್ಲಾ, ಜಾರ್ತೈತೆ!"

ಹೇಳಿ ಮುಖ ಆಚೆ ತಿರುಗಿಸಿಕೊಂಡಳು. ಬ್ರೇಕ್ ಹಾಕಿದೆ. ಕಣ್ಣು ಮಂಜಾಗಿ ಕನ್ನಡಿಯಲ್ಲಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ, ಬೇವಿನ ಮರದವರೆಗೂ ಹೋಗಿ ನಿಲ್ಲಿಸಿದೆ.